ಒಂದು ಗುಳ್ಳೆ



2024ರ ಮಾರ್ಚ್ ತಿಂಗಳಲ್ಲಿ ಮಗಳ ಮನೆಗೆಂದು ಅಮೆರಿಕದ ಟೆಕ್ಸಾಸಿಗೆ ಹೋಗಿದ್ದಾಗ ನಡೆದ ಸಂಗತಿಯಿದು. ಬರೆಯಲು ಇಷ್ಟು ತಡವಾದದ್ದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಇದರಲ್ಲಿ ನನ್ನದೇ ತಪ್ಪೊಂದರ ಕಥೆಯೂ ಸೇರಿಕೊಂಡಿದೆ.

ಮಗಳ ಮನೆಯಿಂದ ಒಂದು ಗಂಟೆಯ ದಾರಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. 1988ರಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದವನು. ಹೆಸರು ಬರೆಯಬೇಡಿ ಎಂದು ಕೇಳಿಕೊಂಡಿರುವುದರಿಂದ ಇಲ್ಲಿ ಶಿಷ್ಯನೆಂದಷ್ಟೇ ಕರೆಯುತ್ತೇನೆ. "ಸರ್, ಶನಿವಾರ ನನ್ನ ಜೆಟ್ ವಿಮಾನದ ಮೊದಲ ಹಾರಾಟ. ನೀವು ಬರಲೇಬೇಕು" ಎಂದು ಫೋನ್ ಮಾಡಿದ. ಆಟಿಕೆಯಿರಬೇಕೆಂದುಕೊಂಡು ಹೋದೆ. ನೋಡಿದರೆ ಎರಡು ಮೀಟರ್ ಉದ್ದದ, ಹನ್ನೊಂದು ಕಿಲೋ ತೂಕದ ವಿಮಾನ! ಅದರ ಹೊಟ್ಟೆಯೊಳಗೆ ನಿಜವಾದ ಜೆಟ್ ಎಂಜಿನ್. ನಿಂತು ಹಾರಿಸುವವನ ಕೈಯಲ್ಲಿ ರೇಡಿಯೊ ನಿಯಂತ್ರಕ.

ಎಂಜಿನ್ನಿನ ಗಾತ್ರ ನಮ್ಮ ಮನೆಯ ಹಿತ್ತಾಳೆಯ ತಂಬಿಗೆಯಷ್ಟು, ತೂಕ ಒಂದು ಕಿಲೋ ಚಿಲ್ಲರೆ. ಆದರೆ ಅದು ಹತ್ತು ಕಿಲೋ ಭಾರವನ್ನು ಎತ್ತಿಹಿಡಿಯುವಷ್ಟು ಬಲದಿಂದ ನೂಕುತ್ತದೆ. ಮುಂದಿನ ಚಕ್ರ ಗಾಳಿಯನ್ನು ಒತ್ತುತ್ತದೆ, ನಡುವಿನ ಕೋಶದಲ್ಲಿ ಸೀಮೆಎಣ್ಣೆ ಉರಿಯುತ್ತದೆ, ಬಿಸಿ ಅನಿಲ ಹಿಂದಿನ ಚಕ್ರವನ್ನು ತಿರುಗಿಸಿ ಹೊರನುಗ್ಗುತ್ತದೆ. ಹಿಂದಿನ ಚಕ್ರವೇ ಅದೇ ದಂಡದ ಮೂಲಕ ಮುಂದಿನದನ್ನೂ ತಿರುಗಿಸುತ್ತದೆ. ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ಎಂದ. ಮೇಷ್ಟರ ಚಾಳಿ ಬಿಡಲಿಲ್ಲ; ಬಾಯಿಲೆಕ್ಕ ಮಾಡಿದೆ. ಸೆಕೆಂಡಿಗೆ 2,500 ಸುತ್ತು. ಚಕ್ರದ ವ್ಯಾಸ ಆರು ಸೆಂಟಿಮೀಟರ್ ಎಂದರೆ ಅದರ ಅಂಚು ಸೆಕೆಂಡಿಗೆ ಸುಮಾರು 470 ಮೀಟರ್ ವೇಗದಲ್ಲಿ ಓಡುತ್ತದೆ. ಶಬ್ದದ ವೇಗ 340. ಬೇರಿಂಗುಗಳಿಗೆ ಬೇರೆ ಎಣ್ಣೆಯ ವ್ಯವಸ್ಥೆಯಿಲ್ಲ. ಇಂಧನದಲ್ಲೇ ನೂರಕ್ಕೆ ನಾಲ್ಕೈದು ಪಾಲು ಎಣ್ಣೆ ಬೆರೆಸಿರುತ್ತಾರೆ.

ಇಂತಹ ಎಂಜಿನ್ನುಗಳಿಗೆ ದಾರಿ ತೋರಿದವರಲ್ಲಿ ಜರ್ಮನಿಯ ಕುರ್ಟ್ ಷ್ರೆಕ್ಲಿಂಗ್ ಎಂಬ ಹವ್ಯಾಸಿಯೂ ಒಬ್ಬರು. ಗಾಳಿಯೊತ್ತುವ ಚಕ್ರವನ್ನು ಅವರು ಪ್ಲೈವುಡ್ಡಿನಿಂದ ಮಾಡಿ, ಅದಕ್ಕೆ ಕಾರ್ಬನ್ ನಾರು ಬಿಗಿದಿದ್ದರು. ಇದನ್ನು ಕೇಳಿದಾಗ ನನಗೆ ನಮ್ಮ ಶಾಲೆಯ ಪ್ರಯೋಗಾಲಯದ ತಗಡಿನ ಚಕ್ರ ನೆನಪಾಯಿತು. ನೆನಪಾದದ್ದನ್ನು ಹೇಳದೆ ಸುಮ್ಮನಾದೆ.

ಮೈದಾನದಲ್ಲಿ ಅವನ ಸಿದ್ಧತೆಯನ್ನು ನೋಡುತ್ತಾ ಕುಳಿತೆ. ಮೊದಲು ಗುರುತ್ವಕೇಂದ್ರ. ಅದು ತುಸು ಹಿಂದಕ್ಕೆ ಸರಿದರೂ ವಿಮಾನ ಹತೋಟಿಗೆ ಸಿಗದು. ಇಂಧನ ಮುಗಿದಾಗಲೂ ಸರಿಯಿರಬೇಕೆಂದು ಮುಖ್ಯ ತೊಟ್ಟಿಯನ್ನು ಖಾಲಿಯಿಟ್ಟೇ ನೋಡಿದ. ಅನಂತರ ವಿಮಾನದ ಹಿಂದೆ ನಿಂತು ಕಡ್ಡಿಯನ್ನು ಬಲಕ್ಕೆ ವಾಲಿಸಿ, ಬಲರೆಕ್ಕೆಯ ಹಿಂದಿನ ಪಟ್ಟಿ ಮೇಲೆದ್ದಿತೇ ಎಂದು ಪರೀಕ್ಷಿಸಿದ. ತಂತಿ ಅದಲುಬದಲಾಗಿದ್ದರೆ ನೆಲ ಬಿಟ್ಟ ಮರುಕ್ಷಣವೇ ವಿಮಾನ ಮಗುಚುವುದಂತೆ. ನಿಯಂತ್ರಕದ ಶಕ್ತಿಯನ್ನು ಬೇಕೆಂದೇ ತಗ್ಗಿಸಿ, ದೂರ ನಡೆದುಹೋಗಿ, ರೇಡಿಯೊ ಸಂಪರ್ಕ ಉಳಿದಿದೆಯೇ ಎಂದು ನೋಡಿದ. ಪಕ್ಕದಲ್ಲಿ ಬೆಂಕಿ ನಂದಿಸುವ ಸಿಲಿಂಡರ್. ಅಲ್ಲಿನ ಅಕಾಡೆಮಿ ಆಫ್ ಮಾಡೆಲ್ ಏರೋನಾಟಿಕ್ಸ್ ಸಂಸ್ಥೆಯ ನಿಯಮದಂತೆ ಟರ್ಬೈನ್ ವಿಮಾನ ಹಾರಿಸುವವರು ಪ್ರತ್ಯೇಕ ಅರ್ಹತೆಯನ್ನೂ ಪಡೆದಿರಬೇಕು. ಚಳಿಗಾಲದಲ್ಲಿ ಒಣಗಿದ ಹುಲ್ಲು ಸುತ್ತಲೂ ಹರಡಿದ್ದುದರಿಂದ ಈ ಕಟ್ಟುನಿಟ್ಟಿನ ಅರ್ಥ ಯಾರೂ ಹೇಳದೆ ತಿಳಿಯುತ್ತಿತ್ತು.

ಕೊನೆಯದು ಎಂಜಿನ್ ಪರೀಕ್ಷೆ. ವಿಮಾನವನ್ನು ಕಟ್ಟಿಹಾಕಿ, ಮೇಲಿನ ಮುಚ್ಚಳ ತೆಗೆದು, ನನ್ನ ಕಿವಿಗೆ ರಕ್ಷಕವನ್ನು ತೊಡಿಸಿ, ಎಂಜಿನ್ನಿನ ಮುಂದೆಯೂ ಹಿಂದೆಯೂ ಅಡ್ಡಸಾಲಿನಲ್ಲೂ ನಿಲ್ಲಬಾರದೆಂದು ಮೂತಿಯ ಪಕ್ಕದಲ್ಲಿ ನನಗೊಂದು ಜಾಗ ತೋರಿಸಿದ. ಸಣ್ಣ ಮೋಟರು ಚಕ್ರವನ್ನು ತಿರುಗಿಸಿತು, ಕಿಡಿ ಹೊತ್ತಿತು, ಸೀಮೆಎಣ್ಣೆಯ ವಾಸನೆ ಹರಡಿತು. ನನಗೆ ಪಂಪ್ ಸ್ಟೌವಿನ ಮುಂದೆ ಕುಳಿತ ಅಮ್ಮನ ನೆನಪು. ಶಿಳ್ಳೆ ಏರಿ ಏರಿ ಗರ್ಜನೆಯಾಯಿತು. ಅವನ ಗೆಳೆಯರು ಏಳೆಂಟು ಮಂದಿ ಕ್ಯಾಮೆರಾ ಹಿಡಿದು ಕಾಯುತ್ತಿದ್ದರು. ಅವನ ಕಣ್ಣು ಉಷ್ಣತೆಯ ಅಂಕಿಗಳ ಮೇಲೆ. ನಾನು ಮಾತ್ರ ಪಾರದರ್ಶಕ ಇಂಧನ ಕೊಳವೆಯನ್ನು ನೋಡುತ್ತಿದ್ದೆ.

ಕೊಳವೆಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಯೊಂದು ಓಡಿತು. ಸ್ವಲ್ಪ ಹೊತ್ತಿಗೆ ಇನ್ನೊಂದು.

ಹೇಳಲೋ ಬೇಡವೋ? ಇದರ ಗಂಧಗಾಳಿ ಅರಿಯದ ಮುದುಕ ನಾನು. ಅಷ್ಟು ಜನ ಕಾಯುತ್ತಿದ್ದಾರೆ. ಆ ಅರೆನಿಮಿಷದಲ್ಲಿ ನಾನು 1988ರ ಡಿಸೆಂಬರಿಗೆ ಹೋಗಿ ನಿಂತಿದ್ದೆ.

ಅಂದು ನಮ್ಮ ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ. ಹಾಲಿನ ಪುಡಿಯ ಡಬ್ಬದಲ್ಲಿ ನೀರು ಕುದಿಸಿ, ಮುಚ್ಚಳದ ನಳಿಕೆಯಿಂದ ಬರುವ ಆವಿಯಿಂದ ತಗಡಿನ ಚಕ್ರ ತಿರುಗಿಸುವ ಮಾದರಿಯನ್ನು ಈ ಹುಡುಗ ಮಾಡಿದ್ದ. "ಸರ್, ಆವಿ ಬರ್ತಾ ಇಲ್ಲ" ಎಂದು ಮೆಲ್ಲಗೆ ಹೇಳಿದ. ತನಿಖಾಧಿಕಾರಿಗಳು ಪಕ್ಕದ ಮೇಜಿಗೆ ಬಂದಾಗಿತ್ತು. "ಸುಮ್ನಿರು, ಬರುತ್ತೆ" ಎಂದು ನಾನೇ ಇನ್ನೊಂದು ಸ್ಪಿರಿಟ್ ದೀಪವನ್ನು ಡಬ್ಬದಡಿಗೆ ತಳ್ಳಿದೆ. ನಳಿಕೆ ಕಟ್ಟಿಕೊಂಡಿತ್ತು. ಮುಚ್ಚಳ ಸಿಡಿದು, ಕುದಿನೀರು ಅವನ ಎಡಗೈ ಮೇಲೆ ಬಿತ್ತು. ಅವನ ತಂದೆಗೆ "ಹುಡುಗ ಅವಸರ ಮಾಡಿದ" ಎಂದು ನಾನು ಹೇಳಿದೆ. ಅವನು ಎದುರಾಡಲಿಲ್ಲ.

ಗದ್ದಲದಲ್ಲಿ ಮಾತು ಕೇಳಿಸುವಂತಿರಲಿಲ್ಲ. ಅವನ ಭುಜ ತಟ್ಟಿ ಕೊಳವೆಯತ್ತ ಬೆರಳು ಮಾಡಿದೆ. ನೋಡಿದವನೇ ಎಂಜಿನ್ ನಿಲ್ಲಿಸಿಬಿಟ್ಟ. ಗೆಳೆಯರ ಕಡೆ ತಿರುಗಿ, ಇಂದು ಹಾರಾಟವಿಲ್ಲ ಎಂದ. ಅವನ ಮುಖದಲ್ಲಿ ಬೇಸರವಿತ್ತು, ಅಳುಕಿರಲಿಲ್ಲ.

ಪಂಪು ಇಂಧನವನ್ನು ಹೀರುವ ಬದಿಯಲ್ಲಿ ಎಲ್ಲೋ ಕೂದಲೆಳೆಯಷ್ಟು ಬಿರುಕಿರಬೇಕೆಂದು ವಿವರಿಸಿದ. ಅಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಆದ್ದರಿಂದ ಎಣ್ಣೆ ಹೊರಗೆ ಸೋರುವುದಿಲ್ಲ, ಗಾಳಿಯೇ ಒಳಗೆ ನುಸುಳುತ್ತದೆ. ಬಟ್ಟೆಯಿಂದ ಒರೆಸಿ ನೋಡಿದರೆ ಎಲ್ಲವೂ ಒಣಗಿಯೇ ಇರುತ್ತದೆ. ಗಾಳಿ ಹೆಚ್ಚಾಗಿ ಸೇರಿದರೆ ಆಕಾಶದಲ್ಲಿ ಜ್ವಾಲೆ ಆರುತ್ತದೆ. ಆಮೇಲೆ ಅದು ತೊಟ್ಟಿ ತುಂಬ ಸೀಮೆಎಣ್ಣೆ ಹೊತ್ತು ಕೆಳಗಿಳಿಯುವ ಭಾರವಷ್ಟೇ.

ನಿಂತ ಎಂಜಿನ್ನನ್ನು ಸಣ್ಣ ಮೋಟರು ಆಗಾಗ ತಾನಾಗಿ ತಿರುಗಿಸುತ್ತಿತ್ತು. ಒಳಗಿನ ಬಿಸಿ ಆರುವವರೆಗೆ ಹಾಗೆ ಗಾಳಿಯಾಡಿಸಬೇಕಂತೆ. ಆ ಬಿಡುವಿನಲ್ಲಿ, ಮೂವತ್ತೈದು ವರ್ಷಗಳಿಂದ ಹೇಳದೆ ಉಳಿದಿದ್ದ ಮಾತನ್ನು ಹೇಳಿದೆ. "ಅವತ್ತು ತಪ್ಪು ನನ್ನದಪ್ಪಾ. ನಿನ್ನ ಮಾತು ಕೇಳಬೇಕಿತ್ತು. ನಿಮ್ಮ ತಂದೆಯವರ ಮುಂದೆಯೂ ಸುಳ್ಳು ಹೇಳಿದೆ."

ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಇಲ್ಲ ಸರ್, ನಾನೇ ಗಟ್ಟಿಯಾಗಿ ಹೇಳಲಿಲ್ಲ ಅಂತ ಇಷ್ಟು ದಿನ ಅಂದುಕೊಂಡಿದ್ದೆ" ಎಂದ.

ಸುಟ್ಟ ಕಲೆಗಿಂತ ಈ ಮಾತು ನನ್ನನ್ನು ಹೆಚ್ಚು ನೋಯಿಸಿತು. ಕೈಯ ಗಾಯವನ್ನು ನಾನು ಬಲ್ಲೆ. ನನ್ನ ತಪ್ಪನ್ನು ಹದಿನಾಲ್ಕರ ಹುಡುಗ ತನ್ನದೆಂದು ಹೊತ್ತುಕೊಂಡು ಹೋದದ್ದು ನನಗೆ ತಿಳಿದಿರಲಿಲ್ಲ.

ಮರುದಿನ ಕೊಳವೆಯ ಜೋಡಣೆಯೊಂದರಲ್ಲಿ ಬಿರುಕು ಸಿಕ್ಕಿತು. ಮುಂದಿನ ಶನಿವಾರ, ಕೊಳವೆಯಲ್ಲಿ ಒಂದೂ ಗುಳ್ಳೆಯಿಲ್ಲವೆಂದು ಇಬ್ಬರೂ ನೋಡಿದ ಮೇಲೆ, ವಿಮಾನ ನೆಲ ಬಿಟ್ಟಿತು. ಐದು ನಿಮಿಷ ಹಾರಿ, ಸುರಕ್ಷಿತವಾಗಿ ಇಳಿಯಿತು. ಇಳಿದ ಮೇಲೆಯೇ ಅವನ ಕೈ ನಡುಗಿದ್ದನ್ನು ಕಂಡೆ.

ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವನು ನಾನು. "ಸರ್" ಎಂದು ಎದ್ದು ನಿಂತು, ನನ್ನಿಂದ "ಕೂತ್ಕೋ" ಎನ್ನಿಸಿಕೊಂಡವರು ನಿಮ್ಮಲ್ಲಿ ಇನ್ನೂ ಹಲವರಿರಬಹುದು. ಅಂದು ಏನು ಹೇಳಹೊರಟಿದ್ದಿರೆಂದು ನೆನಪಿದ್ದರೆ ದಯವಿಟ್ಟು ಬರೆದು ತಿಳಿಸಿ. ಈಗ ಕೇಳಲು ನನಗೆ ಸಮಯವಿದೆ.