ಮೂರನೇ ಚೀಲ

ಸೋಮವಾರ ಸಂಜೆ, ಬೈಕಂಪಾಡಿಯ ಒಂದು ಪ್ರಯೋಗಾಲಯ. ಕೋಟು, ಮಾಸ್ಕು ಹಾಕಿಕೊಂಡು ಒಳಗೆ ಬಂದಿದ್ದೀರಿ. ಆಟೊಕ್ಲೇವ್‌ನಿಂದ ಆಗತಾನೇ ಇಳಿಸಿದ, ಬ್ಯಾಕ್ಟೀರಿಯಾ ಬೆಳೆಸುವ ಮೀಡಿಯಾದ ವಾಸನೆ ಕೋಣೆ ತುಂಬ ಕವಿದಿದೆ. ಮೇಜಿನ ಮೇಲೆ ಹೆಪ್ಪುಗಟ್ಟಿದ ಸಿಗಡಿಯ ಐದು ಪೊಟ್ಟಣ. ಅದೇ ಲಾಟ್‌ನ ಉಳಿದ ಮಾಲು ಕೋಲ್ಡ್ ಸ್ಟೋರೇಜ್‌ನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಹಡಗಿಗೆ ಕಾದಿದೆ.

ಪ್ರಯೋಗಾಲಯದ ಹುಡುಗ 25 ಗ್ರಾಂ ತೂಗಿ ಚೀಲಕ್ಕೆ ಹಾಕುತ್ತಾನೆ, 225 ಮಿಲಿಲೀಟರ್ ಪೆಪ್ಟೋನ್ ನೀರು ಸುರಿಯುತ್ತಾನೆ. ಸ್ಟೊಮ್ಯಾಕರ್ ಧಪ್ ಧಪ್ ಎಂದು ಚೀಲವನ್ನು ಗುದ್ದುತ್ತದೆ. ಹೀಗೆ ಐದು ಸಲ. ಐದೂ ಚೀಲ 37 ಡಿಗ್ರಿಯ ಇನ್‌ಕ್ಯುಬೇಟರ್‌ಗೆ. ಚಳಿಯಲ್ಲಿ ಪೆಟ್ಟು ತಿಂದ ಸಾಲ್ಮೊನೆಲ್ಲಾ ಒಂದೆರಡೇ ಇದ್ದರೂ ಚೇತರಿಸಿಕೊಂಡು ಲಕ್ಷಗಟ್ಟಲೆ ಆಗಲಿ ಎಂದು ಈ ಉಪಚಾರ. ಅಷ್ಟಾಗದೆ ಡಿಎನ್‌ಎ ಹುಡುಕುವ ಪಿಸಿಆರ್ ಯಂತ್ರದ ಕಣ್ಣಿಗೂ ಏನೂ ಬೀಳದು. ಯಂತ್ರ ಮಾರುವವರ ಕರಪತ್ರದಲ್ಲಿ 'ಎರಡೇ ಗಂಟೆ' ಎಂದು ದಪ್ಪಕ್ಷರದಲ್ಲಿರುತ್ತದೆ. ಅದಕ್ಕೂ ಹಿಂದಿನ 18 ಗಂಟೆ ಎಲ್ಲಿದೆ ಎಂದು ನೀವೇ ಹುಡುಕಬೇಕು.

ಮಂಗಳವಾರ ಬೆಳಿಗ್ಗೆ ಐದೂ ಚೀಲ ಕದಡಿವೆ. ಕದಡಿದ್ದರಿಂದ ಏನೂ ತಿಳಿಯದು. ಸಿಗಡಿಯಲ್ಲಿ ಬೇರೆ ಬ್ಯಾಕ್ಟೀರಿಯಾಗಳಿಗೇನು ಬರವೇ? ಪ್ರತಿ ಚೀಲದಿಂದ ಒಂದೊಂದು ಮಿಲಿಲೀಟರ್ ಪಿಸಿಆರ್‌ಗೆ. ಹುಡುಗ ಅದನ್ನು ಕಾಯಿಸಿ, ಕೋಶ ಒಡೆದು, ಡಿಎನ್‌ಎ ಹೊರತೆಗೆಯುತ್ತಾನೆ. ಯಂತ್ರ ಹುಡುಕುವುದು ಸಾಲ್ಮೊನೆಲ್ಲಾದ invA ಎಂಬ ಒಂದು ಜೀನಿನ ತುಣುಕನ್ನು. ಪರದೆಯ ಮೇಲೆ ಗೆರೆಗಳು ನೆಲ ಹಿಡಿದು ಸಾಗುತ್ತಿವೆ. ಇಪ್ಪತ್ತಾರನೇ ಸುತ್ತು, ಇಪ್ಪತ್ತೇಳು... ಒಂದು ಗೆರೆ ಮೇಲೇಳುತ್ತದೆ.

"ಮೇಡಂ, ಮೂರನೇದು ಪಾಸಿಟಿವ್."

ಮೇಡಂ ಕಣ್ಣು ಮೊದಲು ಕಂಟ್ರೋಲ್‌ಗಳತ್ತ. ನೀರು ಮಾತ್ರ ಇದ್ದ ಕೊಳವೆ ಶಾಂತವಾಗಿದೆ. ಉಳಿದ ನಾಲ್ಕು ಸ್ಯಾಂಪಲ್‌ಗಳಲ್ಲಿ ಒಳಗಿನ ಕಂಟ್ರೋಲ್ ಏರಿದೆ, ಅಂದರೆ ಅವುಗಳ 'ಇಲ್ಲ' ನಿಜವಾದ ಇಲ್ಲ.

"ಸತ್ತದ್ದರ ಡಿಎನ್‌ಎಗೂ ಇದು ಹೌದು ಅಂತ ತಲೆಯಾಡಿಸಬಹುದು," ಎನ್ನುತ್ತಾರೆ. "ಆರ್‌ವಿಗೆ ಹಾಕು."

ಅದೇ ಚೀಲದ 0.1 ಮಿಲಿಲೀಟರ್ ಆರ್‌ವಿ ಎಂಬ ನೀಲಿ ದ್ರಾವಣಕ್ಕೆ ಇಳಿಯುತ್ತದೆ. ಮ್ಯಾಲಕೈಟ್ ಗ್ರೀನ್, ಮೆಗ್ನೀಸಿಯಂ ಕ್ಲೋರೈಡ್, ಮೇಲಿಂದ 41.5 ಡಿಗ್ರಿ ಕಾವು: ಬೇರೆಯವಕ್ಕೆ ಇಲ್ಲಿ ಉಸಿರಾಡುವುದೇ ಕಷ್ಟ. ಇನ್ನೊಂದು ಪಾಲು ಇಂಥದೇ ಬೇರೊಂದು ದ್ರಾವಣಕ್ಕೆ. ಬುಧವಾರ ಎರಡರಿಂದಲೂ ಎಕ್ಸ್‌ಎಲ್‌ಡಿ ಪ್ಲೇಟಿನ ಮೇಲೆ ಲೂಪ್ ಎಳೆಯುತ್ತಾರೆ.

ಗುರುವಾರ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿ. ಕೆಂಪು ಹಾಸಿನ ಮೇಲೆ ನಡುವೆ ಕಪ್ಪು ಬೊಟ್ಟಿರುವ ಕಾಲೊನಿಗಳು, ಥೇಟ್ ಮೀನಿನ ಕಣ್ಣು. ಸಿಕ್ಕಿತು ಎಂದು ಕುಣಿಯಬೇಡಿ. ಪ್ರೋಟಿಯಸ್ ಎಂಬ ಬೇರೆ ಬ್ಯಾಕ್ಟೀರಿಯಾ ಕೂಡ ಇದೇ ವೇಷದಲ್ಲಿ ಬರಬಲ್ಲದು. ಹುಡುಗ ಐದು ಕಾಲೊನಿ ಆರಿಸಿ ಬೇರೆ ಪ್ಲೇಟಿನಲ್ಲಿ ಶುದ್ಧವಾಗಿ ಬೆಳೆಸುತ್ತಾನೆ, ಮರುದಿನ ಒಂದೊಂದನ್ನೂ ಟಿಎಸ್‌ಐ, ಯೂರಿಯಾ ಎಂಬ ಎರಡು ಪರೀಕ್ಷಾ ಮೀಡಿಯಾಗಳಿಗೆ ಚುಚ್ಚುತ್ತಾನೆ.

ಶನಿವಾರ ಎರಡು ಕೊಳವೆಯ ಯೂರಿಯಾ ಗಾಢ ಗುಲಾಬಿ. ಅವು ಪ್ರೋಟಿಯಸ್, ಆಚೆಗೆ. ಉಳಿದ ಮೂರರ ಯೂರಿಯಾ ಬದಲಾಗಿಲ್ಲ. ಟಿಎಸ್‌ಐ ಮೇಲೆ ಕೆಂಪು, ತಳ ಕಪ್ಪು. ಮೇಡಂ ಸ್ಲೈಡಿನ ಮೇಲೆ ಎರಡು ಹನಿ ಇಡುತ್ತಾರೆ: ಒಂದು ಬರೀ ಸಲೈನ್, ಇನ್ನೊಂದು ಸಾಲ್ಮೊನೆಲ್ಲಾವನ್ನು ಗುರುತಿಸುವ ಆಂಟಿಸೀರಂ. ಎರಡಕ್ಕೂ ಚೂರು ಕಾಲೊನಿ ಕಲಸಿ ಸ್ಲೈಡನ್ನು ಮೆಲ್ಲಗೆ ತೂಗುತ್ತಾರೆ. ಸಲೈನ್ ಹನಿ ಹಾಲಿನಂತೆ ನುಣುಪಾಗಿಯೇ ಉಳಿದಿದೆ. ಆಂಟಿಸೀರಂ ಹನಿಯಲ್ಲಿ ಒಂದು ನಿಮಿಷದೊಳಗೆ ಸಣ್ಣ ಸಣ್ಣ ಗಂಟು.

ಫೋನು. ರಫ್ತುದಾರರು ರೇಗಿದ್ದಾರೆ.

"ಮಂಗಳವಾರವೇ ಇದೆ ಅಂದ್ರಲ್ಲ ಮೇಡಂ, ಮತ್ತೆ ನಾಲ್ಕು ದಿನ ಯಾಕೆ?"

"ಅವತ್ತು ಅನುಮಾನ ಹೇಳಿದ್ದೆ, ಮಾಲು ಹಡಗಿಗೆ ಏರಿಸಬೇಡಿ ಅಂತ. ಇವತ್ತು ಜೀವಂತ ಬ್ಯಾಕ್ಟೀರಿಯಾ ಕೈಯಲ್ಲಿದೆ. ಇದರ ಸೀರೋಟೈಪ್ ಗೊತ್ತಾದರೆ ಎಲ್ಲಿಂದ ಬಂತು ಅಂತ ಜಾಡು ಹಿಡಿಯಬಹುದು. ಮೊದಲು ನಿಮ್ಮ ಐಸ್ ಕಳಿಸಿ, ಸಿಗಡಿ ತೊಳೆಯುವ ನೀರನ್ನೂ."