ಎರಡನೆಯ ಮೀನು

ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮನು ಯುಧಿಷ್ಠಿರನಿಗೆ ಹೇಳುವ ಮೂರು ಮೀನುಗಳ ಕಥೆಯಲ್ಲಿ, ಬೆಸ್ತರು ಕೊಳದ ನೀರನ್ನು ಬಸಿಯತೊಡಗಿದೊಡನೆ ದೂರದೃಷ್ಟಿಯ ಮೀನು ಕಾಲುವೆ ಹಿಡಿದು ಹೊರಟುಹೋಗುತ್ತದೆ, ಸಮಯಸ್ಫೂರ್ತಿಯ ಮೀನು ಸಿಕ್ಕಿಬಿದ್ದಂತೆ ನಟಿಸಿ ಕಡೆಯ ಗಳಿಗೆಯಲ್ಲಿ ಪಾರಾಗುತ್ತದೆ, ದೀರ್ಘಸೂತ್ರವೆಂಬ ಮೂರನೆಯದು ಸಾಯುತ್ತದೆ. ದೀರ್ಘಸೂತ್ರತೆಯೆಂದರೆ ಇಂದಿನ ಕೆಲಸವನ್ನು ಎಳೆದೆಳೆದು ಮುಂದಕ್ಕೆ ನೂಕುವ ಸ್ವಭಾವ; ಭಗವದ್ಗೀತೆಯ 18ನೆಯ ಅಧ್ಯಾಯವು ಇದನ್ನು ತಾಮಸ ಕರ್ತೃವಿನ ಲಕ್ಷಣಗಳಲ್ಲಿ ಒಂದಾಗಿ ಎಣಿಸಿದೆ. ಕಥೆ ಕೇಳಿದವರೆಲ್ಲ ಮೂರನೆಯ ಮೀನಿಗೆ ಮರುಗುತ್ತಾರಾದರೂ ನಿತ್ಯಜೀವನವನ್ನು ಕೆಡಿಸುವುದು ಎರಡನೆಯದು. ಏಕೆಂದರೆ ಒಮ್ಮೆ ಕಡೆಯ ಗಳಿಗೆಯಲ್ಲಿ ಪಾರಾದವನಿಗೆ ಕಡೆಯ ಗಳಿಗೆಯೇ ಶುಭಮುಹೂರ್ತವಾಗಿ ಕಾಣತೊಡಗುತ್ತದೆ.

ಕೆಲಸ ಮುಂದೂಡುವವರನ್ನು ಸೋಮಾರಿಗಳೆಂದು ಬೈಯುವ ವಾಡಿಕೆಯುಂಟು, ಆದರೆ ಅದು ಸರಿಯಾದ ರೋಗನಿರ್ಣಯವಲ್ಲ. ಪತಂಜಲಿಯ ಯೋಗಸೂತ್ರವು ಚಿತ್ತದ ಒಂಬತ್ತು ಅಡ್ಡಿಗಳನ್ನು ಹೇಳುವಾಗ ಮೈಮನಸ್ಸುಗಳ ಭಾರವಾದ ಆಲಸ್ಯವನ್ನು ಒಂದಾಗಿಯೂ, ಮನಸ್ಸು ಕೆಲಸಕ್ಕೆ ಬಗ್ಗದಿರುವ ಸ್ತ್ಯಾನವನ್ನು ಇನ್ನೊಂದಾಗಿಯೂ ಬೇರೆಬೇರೆ ಇಟ್ಟಿದೆ. ಆದಾಯ ತೆರಿಗೆಯ ವಿವರ ಸಲ್ಲಿಸಬೇಕಾದ ದಿನ ಅಟ್ಟವನ್ನೆಲ್ಲ ಗುಡಿಸಿ, ಹಳೆಯ ಡಬ್ಬಗಳನ್ನು ತೊಳೆದು ಒಣಗಿಸುವ ಗೃಹಸ್ಥನಲ್ಲಿ ಆಲಸ್ಯದ ಸುಳಿವೇ ಇರುವುದಿಲ್ಲ; ಅವನು ದೂರವಿಡುತ್ತಿರುವುದು ಶ್ರಮವನ್ನಲ್ಲ, ಕಾಗದಪತ್ರ ಮುಟ್ಟಿದರೆ ಏಳುವ ಕಿರಿಕಿರಿಯನ್ನು, ಎಲ್ಲಿ ತಪ್ಪು ಹೊರಬೀಳುವುದೋ ಎಂಬ ಅಳುಕನ್ನು. ಅಟ್ಟವಂತೂ ಹೊಳೆಯುತ್ತದೆ.

ಇಂಥವನಿಗೆ ಲೋಕವೂ ಒತ್ತಾಸೆ ನೀಡುತ್ತದೆ. 2023ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಬಾಕಿ ಉಳಿದ ಸಂಚಾರ ದಂಡಕ್ಕೆ ಶೇಕಡಾ 50ರಷ್ಟು ರಿಯಾಯಿತಿ ಘೋಷಿಸಿದಾಗ ಜನ ಮುಗಿಬಿದ್ದು ಕಟ್ಟಿದರು. ದಂಡವನ್ನು ಹೊತ್ತಿಗೆ ಸರಿಯಾಗಿ ಕಟ್ಟಿದ್ದವರು ಮಾತ್ರ ಪೂರ್ತಿ ಕಟ್ಟಿದಂತಾಯಿತು. ಹಳೆಯ ವಾಹನಗಳಿಗೆ ಎಚ್‌ಎಸ್‌ಆರ್‌ಪಿ ಎಂಬ ಅತಿ ಸುರಕ್ಷಿತ ನೋಂದಣಿ ಫಲಕ ಹಾಕಿಸಲು ಅದೇ ವರ್ಷದ ನವೆಂಬರ್ 17 ಗಡುವಾಗಿತ್ತು. ಅದು 2024ರ ಫೆಬ್ರವರಿ 17ಕ್ಕೆ, ಅಲ್ಲಿಂದ ಮೇ 31ಕ್ಕೆ, ಆಮೇಲೆ ಇನ್ನೂ ಮುಂದಕ್ಕೆ ಜರುಗಿತು. ಗಡುವೇ ದೀರ್ಘಸೂತ್ರಿಯಾದ ಮೇಲೆ ಪ್ರಜೆಯನ್ನು ಯಾರು ಬೈಯಬೇಕು!

ಕದಲದ ಗಡುವುಗಳೂ ಇದ್ದವು, ಅವುಗಳ ಹೆಸರು ಹಬ್ಬ. ಯುಗಾದಿಗೆ ಮೊದಲು ಗೋಡೆಗೆ ಸುಣ್ಣ ಬೀಳಬೇಕು, ಆಯುಧಪೂಜೆಗೆ ಮೊದಲು ಕುಡುಗೋಲಿನಿಂದ ಲಾರಿಯವರೆಗೆ ಎಲ್ಲವೂ ತೊಳೆದು ಅಣಿಯಾಗಬೇಕು ಎಂಬ ಕಟ್ಟಳೆ ಯಾರ ಮನೋಬಲವನ್ನೂ ನೆಚ್ಚಿಕೊಂಡಿರಲಿಲ್ಲ. ಡ್ಯಾನ್ ಆರಿಯೆಲಿ ಮತ್ತು ಕ್ಲೌಸ್ ವೆರ್ಟೆನ್‌ಬ್ರೋಕ್ ಎಂಬ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರಹಗಳ ತಪ್ಪು ತಿದ್ದುವ ಕೆಲಸ ಪಡೆದವರ ಪೈಕಿ ಸಮನಾದ ಅಂತರದ ಗಡುವುಗಳನ್ನು ಹೊರಗಿನಿಂದ ಹೇರಿಸಿಕೊಂಡವರು ಎಲ್ಲರಿಗಿಂತ ಚೆನ್ನಾಗಿ ಮಾಡಿದರು, ತಮ್ಮ ಗಡುವನ್ನು ತಾವೇ ಗೊತ್ತುಮಾಡಿಕೊಂಡವರು ಅವರಿಗಿಂತ ಹಿಂದುಳಿದರು, ಕೊನೆಯಲ್ಲಿ ಒಂದೇ ಗಡುವಿದ್ದವರು ಎಲ್ಲರಿಗಿಂತ ಹಿಂದೆ ಬಿದ್ದರು. ಮನೆಯ ಹಿರಿಯರಿಗೆ ಪಂಚಾಂಗದಿಂದ ಸಿಕ್ಕಿದ್ದು ಇದೇ ಅನುಕೂಲ.

ಹಬ್ಬ ಹೊಂದಿಕೊಳ್ಳದ ಕೆಲಸಗಳಿಗೆ ಪೂಜೆಯ ಸಂಕಲ್ಪವಿಧಿಯಿಂದ ಒಂದು ಕ್ರಮವನ್ನು ಎರವಲು ತರಬಹುದು. ಪುರೋಹಿತರು ಹೇಳಿಸುವ ಸಂಕಲ್ಪದಲ್ಲಿ ದೇಶ, ಸಂವತ್ಸರ, ಮಾಸ, ತಿಥಿ, ವಾರ, ಮಾಡುವವನ ಗೋತ್ರನಾಮಗಳು ಬಂದ ಮೇಲಷ್ಟೇ ಮಾಡುವ ಕರ್ಮದ ಹೆಸರು ಬರುತ್ತದೆ. ಮನೆಯಲ್ಲಿ ಕೈಗೊಳ್ಳುವ ನಿರ್ಧಾರದಲ್ಲಾದರೋ ಆಸೆಯೊಂದೇ ಇದ್ದು ದೇಶಕಾಲಗಳು ಇರುವುದಿಲ್ಲ. ಯಾವಾಗ, ಎಲ್ಲಿ, ಹೇಗೆ ಮಾಡುವುದೆಂದು ಮೊದಲೇ ಗೊತ್ತುಪಡಿಸಿದ ನಿರ್ಧಾರ ಈಡೇರುವ ಸಂಭವ ಹೆಚ್ಚೆಂದು ಜರ್ಮನ್ ಮನೋವಿಜ್ಞಾನಿ ಪೀಟರ್ ಗೊಲ್ವಿಟ್ಜರ್ 1999ರ ತಮ್ಮ ಲೇಖನದಲ್ಲಿ ವಿವರಿಸಿದ್ದಾರೆ. ಬುಧವಾರ ಬೆಳಗ್ಗೆ ಕಾಫಿ ಮುಗಿದೊಡನೆ, ಊಟದ ಮೇಜಿನ ಮೇಲೆ, ಮೊದಲ ಪುಟ ಮಾತ್ರ ಎಂಬಷ್ಟು ಸಣ್ಣದಾದ ಸಂಕಲ್ಪಕ್ಕೆ ಹೆದರುವವರು ಕಡಿಮೆ, ಮತ್ತು ಕೆಲಸದ ಅಳುಕಿನ ಬಹುಪಾಲು ಮೊದಲ ಪುಟದಲ್ಲೇ ಮುಗಿದಿರುತ್ತದೆ.

ಹೀಗೆ ತಿಥಿವಾರ ಗೊತ್ತುಮಾಡಿಕೊಳ್ಳಲು ತಕ್ಕ ಮೊದಲ ಕೆಲಸವೆಂದರೆ ಬ್ಯಾಂಕ್ ಖಾತೆಯ ನಾಮನಿರ್ದೇಶನ, ಅಂದರೆ ಖಾತೆದಾರರ ನಂತರ ಹಣ ಯಾರ ಕೈಗೆ ಸೇರಬೇಕೆಂದು ಬರೆದುಕೊಡುವುದು. ಇದಕ್ಕೆ ಗಡುವಿಲ್ಲ, ರಿಯಾಯಿತಿಯಿಲ್ಲ, ಸಮಯಸ್ಫೂರ್ತಿ ಉಪಯೋಗಕ್ಕೆ ಬರುವುದಿಲ್ಲ. ಹತ್ತು ವರ್ಷ ವಹಿವಾಟಿಲ್ಲದೆ, ಕೇಳುವವರಿಲ್ಲದೆ ಉಳಿದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗವಾಗುತ್ತದೆ. ಆಮೇಲೂ ಅದನ್ನು ಕೇಳಿ ಪಡೆಯಬಹುದು, ಆದರೆ ಅಂಥದೊಂದು ಖಾತೆ ಇತ್ತೆಂದು ಮನೆಯವರಿಗೆ ತಿಳಿದಿರಬೇಕು.