ಕಾದ ಕಲ್ಲಿನ ಸೀಮೆಯಲ್ಲಿ

ಕೊಪ್ಪಳ ಸೀಮೆಯಲ್ಲಿ ಬೇಸಿಗೆಯ ಸೂರ್ಯನು ಮುಳುಗಿದ ಮೇಲೂ ಬಿಸಿಲು ಬಂಡೆಗಳಲ್ಲಿ ಉಳಿದಿರುತ್ತದೆ. ಕಳೆದ ಚೈತ್ರದಲ್ಲಿ ಗಂಗಾವತಿಯಿಂದ ಹಿರೇಬೆಣಕಲ್ಲಿಗೆ ಹೋಗಿ, ಜನರು ‘ಮೊರೇರ ಮನೆ’ಗಳೆಂದು ಕರೆಯುವ ಬೃಹತ್ ಶಿಲಾ ಸಮಾಧಿಗಳನ್ನು ನೋಡಿ ಇಳಿಯುವಾಗ ಸಂಜೆಯಾಗಿತ್ತು. ಕುರಿ ಕಾಯುವ ಹಿರಿಯರೊಬ್ಬರು ಹಾಸುಬಂಡೆಯ ಮೇಲೆ ಕಂಬಳಿ ಹಾಸಿ ಬೆನ್ನು ಚಾಚಿದ್ದರು. “ಬರ್ರಿ ಯಜಮಾನ್ರ, ನಡಾ ಹಿಡದಿದ್ರ ಇಲ್ಲಿ ಒಂಚೂರು ಅಡ್ಡ ಆಗ್ರಿ, ಬಿಡತೈತಿ” ಎಂದರು. ಮಲಗಿದೆನು. ಕಾವು ಕಂಬಳಿಯನ್ನು ದಾಟಿ ನಿಧಾನವಾಗಿ ಬೆನ್ನಿಗೆ ಇಳಿಯಿತು. ಗುಡ್ಡ ಹತ್ತಿದ ಬಿಗಿತವೆಲ್ಲ ಸಡಿಲವಾಯಿತು.

ಮಠದ ಪಾಠಶಾಲೆಯಲ್ಲಿ ಓದಿದ್ದ ಚರಕಸಂಹಿತೆಯು ಆಗ ನೆನಪಾಯಿತು. ಅದರ ಸೂತ್ರಸ್ಥಾನದ 14ನೆಯ ಅಧ್ಯಾಯವು ಬೆವರಿಸುವ ಚಿಕಿತ್ಸೆಯನ್ನು, ಅಂದರೆ ಸ್ವೇದವನ್ನು ಕುರಿತದ್ದು. ಬೆಂಕಿಯಿಂದಾಗುವ 13 ಬಗೆಗಳಲ್ಲಿ ‘ಅಶ್ಮಘನ’ವೂ ಒಂದು. ಆಳುದ್ದದ ಗಟ್ಟಿ ಕಲ್ಲುಚಪ್ಪಡಿಯನ್ನು ವಾತಹರವಾದ ಕಟ್ಟಿಗೆಯಿಂದ ಕಾಯಿಸಿ, ಕೆಂಡ ತೆಗೆದು, ಬಿಸಿನೀರು ಚಿಮುಕಿಸಿ, ಮೇಲೆ ಉಣ್ಣೆ ಇಲ್ಲವೆ ರೇಶಿಮೆಯನ್ನು ಹಾಸಬೇಕು. ಎಣ್ಣೆ ಹಚ್ಚಿಕೊಂಡವನು ಅದರ ಮೇಲೆ ಹೊದ್ದು ಮಲಗಬೇಕು. ಬೆಂಕಿಯಿಲ್ಲದ ಹತ್ತು ಬಗೆಗಳಲ್ಲಿ ಬಿಸಿಲೂ ದಪ್ಪ ಹೊದಿಕೆಯೂ ಸೇರಿವೆ. (ಭಯ, ಕೋಪಗಳೂ ಆ ಪಟ್ಟಿಯಲ್ಲಿವೆ, ಅವು ಎಲ್ಲರ ಮನೆಯಲ್ಲಿಯೂ ಪುಕ್ಕಟೆಯಾಗಿ ದೊರೆಯುತ್ತವೆ.)

ಪಟ್ಟಣಗಳ ಸ್ಪಾಗಳಲ್ಲಿ ಈಗ ಕಾಣುವ ‘ಹಾಟ್ ಸ್ಟೋನ್ ಮಸಾಜ್’ ಈಚಿನದು. ಅಮೆರಿಕದ ಅರಿಜೋನಾದಲ್ಲಿ ಮೇರಿ ನೆಲ್ಸನ್ ಎಂಬವರು 1993ರಲ್ಲಿ ರೂಪಿಸಿದ ಪದ್ಧತಿಯಿಂದ ಅದಕ್ಕೆ ಪ್ರಚಾರ ದೊರೆಯಿತು. ನುಣುಪಾದ ಕರಿಯ ಬಸಾಲ್ಟ್ ಕಲ್ಲುಗಳನ್ನು ಬಿಸಿನೀರಿನಲ್ಲಿಟ್ಟು, ಎಣ್ಣೆ ಸವರಿದ ಮೈಮೇಲೆ ಇಡುತ್ತಾರೆ, ಅವುಗಳಿಂದಲೇ ತಿಕ್ಕುತ್ತಾರೆ. ದಟ್ಟವಾದ ಆ ಕಲ್ಲು ಕಾವನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಸ್ನಾಯುಗಳು ಸಡಿಲವಾಗುವುದು, ಮನಸ್ಸಿಗೆ ವಿಶ್ರಾಂತಿ ಸಿಗುವುದು ನಿಜ. ರೋಗವೇ ಹೋಗುತ್ತದೆಂದರೆ ನಂಬಬೇಕಾಗಿಲ್ಲ.

ಮರುದಿನ ಕನಕಗಿರಿ, ತಾವರಗೇರಾಗಳನ್ನು ದಾಟಿ ಕುಷ್ಟಗಿಗೆ ಬಂದೆನು. ಗಂಗಾವತಿಯ ಭತ್ತದ ಗದ್ದೆಗಳು ಮುಗಿದು, ಒಣಭೂಮಿಯ ನಡುವೆ ಕೆಂಪು ಗ್ರಾನೈಟಿನ ನಾಡು ತೆರೆಯುತ್ತದೆ. ಅಲ್ಲಿಂದ ಯಲಬುರ್ಗಾ ಕಡೆಯ ಎರೆಹೊಲಗಳ ಊರಿನಲ್ಲಿರುವ ತಂಗಿಯ ಮನೆಗೆ ಹೋದೆನು. ನನ್ನ ಕಾಲುನೋವನ್ನು ಕಂಡು ಅವಳು ಇಟ್ಟಂಗಿಯೊಂದನ್ನು ಒಲೆಯಲ್ಲಿ ಕಾಸಿ, ಬಟ್ಟೆಯಲ್ಲಿ ಸುತ್ತಿ ಶಾಖ ಕೊಟ್ಟಳು.

“ಅಣ್ಣಾ, ಸುಡತೈತೇನು?” ಎಂದು ಎರಡು ಸಲ ಕೇಳಿದಳು. “ಇಲ್ಲವ್ವಾ” ಎಂದೆನು. ಸುಳ್ಳು ಹೇಳಲಿಲ್ಲ, ನನಗೆ ಬಿಸಿಯೇ ತಿಳಿಯಲಿಲ್ಲ. ಬೆಳಗಾಗುವಷ್ಟರಲ್ಲಿ ಹಿಮ್ಮಡಿಯಲ್ಲಿ ದೊಡ್ಡ ಬೊಬ್ಬೆ ಎದ್ದಿತ್ತು.

ನನಗೆ 12 ವರ್ಷಗಳಿಂದ ಮಧುಮೇಹವಿದೆ. ಅದು ಪಾದದ ನರಗಳನ್ನು ಮಂದಗೊಳಿಸುತ್ತದೆ. ಸುಟ್ಟರೂ ನೋವು ಎಚ್ಚರಿಸುವುದಿಲ್ಲ, ಗಾಯವೂ ಬೇಗ ಮಾಯುವುದಿಲ್ಲ. ಕೊಪ್ಪಳದ ವೈದ್ಯರಲ್ಲಿ ಎರಡು ತಿಂಗಳು ಪಟ್ಟಿ ಕಟ್ಟಿಸಿಕೊಂಡೆನು. ಸ್ವೇದ ಮಾಡಬಾರದವರ ಪಟ್ಟಿಯೂ ಅದೇ 14ನೆಯ ಅಧ್ಯಾಯದಲ್ಲಿದೆ. ಗರ್ಭಿಣಿಯರು, ರಕ್ತಸ್ರಾವದ ರೋಗಿಗಳು, ಮಧುಮೇಹಿಗಳು ಎಂದು ಸ್ಪಷ್ಟವಾಗಿಯೇ ಹೇಳಿದೆ. ಎಷ್ಟು ಸಲ ಇತರರಿಗೆ ಪಾಠ ಹೇಳಿದ್ದೆನೋ!

ತಂಗಿ ಇನ್ನೂ ತನ್ನದೇ ತಪ್ಪೆಂದು ಅಳುತ್ತಾಳೆ. ಆ ಇಟ್ಟಂಗಿಯನ್ನು ಹಿತ್ತಲಿಗೆ ಎಸೆದಳಂತೆ. ನಾನು ಮತ್ತೆ ಹಿರೇಬೆಣಕಲ್ಲಿಗೆ ಹೋದರೆ ಕಂಬಳಿ ಹಾಸುವ ಮೊದಲು ಆ ಹಿರಿಯರ ಅಂಗೈಯನ್ನೇ ಬಂಡೆಯ ಮೇಲೆ ಇಡಿಸಿ ನೋಡುವೆನು. ಪಾದಗಳನ್ನಂತೂ ಕೆಳಗೆ ಹುಲ್ಲಿನ ಮೇಲೆಯೇ ಬಿಡುವೆನು.